ಪಾಸ್‌ವರ್ಡ್ ಒಪ್ಪಿಕೊಂಡರೂ ಮತ್ತೆ ಮತ್ತೆ ಲಾಗಿನ್ ಪರದೆಗೇ ಮರಳುವ ಕಂಪ್ಯೂಟರ್ (ಲಿನಕ್ಸ್ ಮಿಂಟ್ 21.3)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಕಡೆಯವನು. ಪ್ರೌಢಶಾಲೆಯಲ್ಲಿ ಅಧ್ಯಾಪಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. ನಮ್ಮ ತಂದೆಯವರು ಹಲವು ವರ್ಷ ಬರೆದಿಟ್ಟ ದಿನಚರಿಗಳಿವೆ. ಕೊನೆಕೊಯ್ಲಿನ ಲೆಕ್ಕ, ಮಳೆಯ ಲೆಕ್ಕ, ಊರಿನ ಮದುವೆ ಮುಂಜಿಗಳ ಸುದ್ದಿ ಎಲ್ಲವೂ ಇರುವ ಆ ಪುಸ್ತಕಗಳು ಗೆದ್ದಲಿನ ಪಾಲಾಗುವ ಮೊದಲು ಸ್ಕ್ಯಾನ್ ಮಾಡಿಡೋಣವೆಂದು ಕಳೆದ ಮಳೆಗಾಲದಿಂದ ಕೆಲಸ ಹಿಡಿದಿದ್ದೇನೆ.

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ 21.3, ಸಿನಮನ್ ಎಂಬ ಡೆಸ್ಕ್‌ಟಾಪ್ ಇರುವ ಆವೃತ್ತಿ. 120 ಜಿಬಿಯ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್ ಪ್ರೊಸೆಸರಿನೊಳಗೆ ಇರುವುದೇ. ಮೂರು ದಿನಗಳಿಂದ ಹೀಗಾಗುತ್ತಿದೆ: ಲಾಗಿನ್ ಪರದೆಯಲ್ಲಿ ಹೆಸರನ್ನು ಆರಿಸಿ ಪಾಸ್‌ವರ್ಡ್ ಕೊಟ್ಟರೆ, ಒಂದು ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಡೆಸ್ಕ್‌ಟಾಪ್ ಬರಬೇಕಾದ ಹೊತ್ತಿಗೆ ಮತ್ತೆ ಅದೇ ಲಾಗಿನ್ ಪರದೆ ಬಂದು ನಿಲ್ಲುತ್ತದೆ. ಯಾವ ದೋಷಸೂಚನೆಯೂ ಕಾಣುವುದಿಲ್ಲ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟು ನೋಡಿದೆ. ಆಗ ತಪ್ಪು ಎಂದು ಹೇಳುತ್ತದೆ. ಅಂದರೆ ಸರಿಯಾದದ್ದನ್ನು ಗುರುತಿಸುತ್ತಿದೆ, ಆದರೆ ಒಳಗೆ ಬಿಡುತ್ತಿಲ್ಲ. ಹತ್ತು ಹದಿನೈದು ಸಲ ಕಂಪ್ಯೂಟರನ್ನು ಆರಿಸಿ ಹಚ್ಚಿದ್ದಾಯಿತು.

ಪೇಟೆಯ ಅಂಗಡಿಯವರು ಫೋನಿನಲ್ಲಿಯೇ ‘ಫಾರ್ಮ್ಯಾಟ್ ಹೊಡೆಯಬೇಕು’ ಎಂದುಬಿಟ್ಟರು. ಒಳಗೆ ಏಳು ದಿನಚರಿಗಳ ಚಿತ್ರಗಳಿವೆ, ಹೆಚ್ಚಿನವುಗಳ ಪ್ರತಿ ಬೇರೆಲ್ಲಿಯೂ ಇಲ್ಲ. ಫಾರ್ಮ್ಯಾಟ್ ಮಾಡದೆ ಸರಿಪಡಿಸುವ ದಾರಿ ಇದೆಯೇ? ನನಗೆ ಕಮಾಂಡುಗಳ ಅಭ್ಯಾಸ ಕಡಿಮೆ. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಬಲ್ಲೆ.

ಉತ್ತರ 1

ಮೇಷ್ಟ್ರೇ, ಮೊದಲನೆಯದಾಗಿ, ಫಾರ್ಮ್ಯಾಟಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ತಾವು ತಪ್ಪು ಪಾಸ್‌ವರ್ಡ್ ಕೊಟ್ಟು ನೋಡಿದ್ದು ಬಹಳ ಒಳ್ಳೆಯ ಪರೀಕ್ಷೆ. ಅರ್ಧ ರೋಗನಿದಾನ ಅಲ್ಲಿಯೇ ಆಗಿಹೋಗಿದೆ.

ಲಾಗಿನ್ ಎನ್ನುವುದು ಹೊರಗಿನಿಂದ ಒಂದೇ ಕೆಲಸದಂತೆ ಕಂಡರೂ ಒಳಗೆ ಎರಡು ಬೇರೆ ಬೇರೆ ಘಟ್ಟಗಳಿವೆ. ಮೊದಲನೆಯದು, ನೀವು ನೀವೇ ಹೌದೋ ಎಂದು ಪಾಸ್‌ವರ್ಡ್ ನೋಡಿ ನಿರ್ಧರಿಸುವುದು. ಎರಡನೆಯದು, ನಿಮ್ಮ ಹೆಸರಿನಲ್ಲಿ ಒಂದು ಸೆಷನ್ ಆರಂಭಿಸಿ ಡೆಸ್ಕ್‌ಟಾಪನ್ನು ತೆರೆಯುವುದು. ಮಿಂಟ್‌ನಲ್ಲಿ ಈ ಎರಡನ್ನೂ ನಡೆಸುವ ದ್ವಾರಪಾಲಕನ ಹೆಸರು ಲೈಟ್‌ಡಿಎಂ. ಮೊದಲ ಘಟ್ಟದಲ್ಲಿ ಎಡವಿದರೆ ‘ಪಾಸ್‌ವರ್ಡ್ ತಪ್ಪು’ ಎಂಬ ಮಾತು ಬರುತ್ತದೆ. ಎರಡನೆಯದರಲ್ಲಿ ಎಡವಿದರೆ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಸೆಷನ್ ಮುಗಿಯಿತು ಎಂದಷ್ಟೇ ಲೈಟ್‌ಡಿಎಂಗೆ ತಿಳಿಯುತ್ತದೆ, ನೀವೇ ಕೆಲಸ ಮುಗಿಸಿ ಹೊರಗೆ ಬಂದಿರೆಂದು ಭಾವಿಸಿ ಅದು ಮತ್ತೆ ಲಾಗಿನ್ ಪರದೆಯನ್ನು ತೋರಿಸುತ್ತದೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಏಕೆ ಒಳಗೆ ಬಿಡುತ್ತಿಲ್ಲ’ ಎಂಬುದಲ್ಲ, ‘ಒಳಗೆ ಹೋದ ಸೆಷನ್ ಏಕೆ ಸತ್ತಿತು’ ಎಂಬುದು.

ಅದನ್ನು ತಿಳಿಯಲು ಚಿತ್ರಪರದೆ ಬೇಕಾಗಿಲ್ಲ. ಲಾಗಿನ್ ಪರದೆ ಇರುವಾಗ ಕಂಟ್ರೋಲ್, ಆಲ್ಟ್, ಎಫ್3 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ಹೆಸರು ಕೇಳುತ್ತದೆ. ಹೆಸರು ಕೊಟ್ಟು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ಅಲ್ಲಿಂದ ಚಿತ್ರಪರದೆಗೆ ಮರಳಲು ಕಂಟ್ರೋಲ್, ಆಲ್ಟ್, ಎಫ್7. ಇನ್ನೊಂದು ಮಾತು: ಆ ಕಪ್ಪು ಪರದೆಗೆ ಕನ್ನಡ ಲಿಪಿ ಬರುವುದಿಲ್ಲ. ಕಡತಗಳಿಗೆ ಕನ್ನಡದ ಹೆಸರು ಕೊಟ್ಟಿದ್ದರೆ ಅವು ಅಲ್ಲಿ ಚೌಕಗಳಂತೆಯೋ ಪ್ರಶ್ನಾರ್ಥಕ ಚಿಹ್ನೆಗಳಂತೆಯೋ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿಬಿಡಬೇಡಿ.

ಇಲ್ಲಿ ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯುತ್ತೇನೆ. ಒತ್ತುವಾಗ ಇಂಗ್ಲಿಷಿನ ಅಕ್ಷರಗಳಲ್ಲಿ ಒತ್ತಬೇಕು, ದೊಡ್ಡಕ್ಷರ ಎಂದು ನಾನು ಹೇಳದಿದ್ದರೆ ಎಲ್ಲವೂ ಸಣ್ಣಕ್ಷರವೇ. ಮೊದಲ ಕಮಾಂಡು: ಡಿ, ಎಫ್, ಒಂದು ಖಾಲಿ ಜಾಗ, ಅಡ್ಡಗೆರೆ, ಎಚ್. ಡಿಸ್ಕಿನಲ್ಲಿ ಒಟ್ಟು ಎಷ್ಟು ಜಾಗ, ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಅದು ಸಾಲಾಗಿ ಹೇಳುತ್ತದೆ. ಕೊನೆಯ ಕಾಲಂನಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲನ್ನು ನೋಡಿ, ಅದರ ಅಂಕಿಗಳನ್ನು ಇಲ್ಲಿ ಬರೆಯಿರಿ. ಎರಡನೆಯದು ಅದೇ ಕಮಾಂಡು, ಎಚ್ ಬದಲಿಗೆ ಐ. ಜಾಗ ಉಳಿದಿದ್ದರೂ ಲಕ್ಷಗಟ್ಟಲೆ ಚಿಕ್ಕ ಕಡತಗಳು ತುಂಬಿ ಹೊಸ ಕಡತಕ್ಕೆ ಹೆಸರು ನಮೂದಿಸಲು ಸ್ಥಳವಿಲ್ಲದಂತಾಗಿದ್ದರೆ ಇದರಲ್ಲಿ ಕಾಣುತ್ತದೆ. ತಾವು ಹೇಳಿದ ಕೆಲಸವನ್ನು ಕೇಳಿದರೆ ನನಗೆ ಮೊದಲನೆಯದರ ಮೇಲೆಯೇ ಅನುಮಾನ.

ಉತ್ತರ 2

ಮೇಲಿನವರ ಮಾತಿಗೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನನಗೆ ಇದೇ ತೊಂದರೆ ಬಂದಾಗ ಕಾರಣ ಡಿಸ್ಕ್ ಆಗಿರಲಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ ಆಗಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾದಾಗ ಆ ಡ್ರೈವರನ್ನು ಹೊಸ ಕರ್ನಲ್‌ಗೆ ಹೊಂದುವಂತೆ ಮತ್ತೆ ಕಟ್ಟಬೇಕಾಗುತ್ತದೆ. ಅದು ಯಾವುದೋ ಕಾರಣಕ್ಕೆ ನಡುವೆ ನಿಂತಿದ್ದರೆ, ಅಥವಾ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದು ಡ್ರೈವರಿಗೆ ಒಪ್ಪಿಗೆಯ ಸಹಿ ಇಲ್ಲದಿದ್ದರೆ, ಲಾಗಿನ್ ಪರದೆ ಹೇಗೋ ಬಂದರೂ ಡೆಸ್ಕ್‌ಟಾಪ್ ಏಳುವುದಿಲ್ಲ. ಕಂಪ್ಯೂಟರ್ ಆರಂಭವಾಗುವಾಗ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲನ್ನು ಆರಿಸಿ ಒಳಗೆ ಹೋಗಲು ಸಾಧ್ಯವಾದರೆ ತಪ್ಪು ಡ್ರೈವರಿನದೇ ಎಂದು ಬಹುಮಟ್ಟಿಗೆ ಹೇಳಬಹುದು. ತಮ್ಮಲ್ಲಿ ಪ್ರತ್ಯೇಕ ಕಾರ್ಡ್ ಇಲ್ಲವಾದ್ದರಿಂದ ಇದರ ಸಂಭವ ಕಡಿಮೆ. ಇದೇ ಪ್ರಶ್ನೆಯನ್ನು ಹುಡುಕಿಕೊಂಡು ಬರುವ ಬೇರೆಯವರಿಗಾಗಿ ಬರೆದಿದ್ದೇನೆ.

ಮತ್ತೊಂದು ಕೇಳಬೇಕಾದದ್ದಿದೆ. ಮಿಂಟ್ ಹಾಕುವಾಗ ‘ನನ್ನ ಹೋಮ್ ಫೋಲ್ಡರನ್ನು ಗುಪ್ತಲಿಪಿಯಲ್ಲಿಡು’ ಎಂಬ ಚೌಕಕ್ಕೆ ಗುರುತು ಹಾಕಿದ್ದಿರಾ? ಹೋಮ್ ಎಂದರೆ ತಮ್ಮ ಸ್ವಂತ ಕಡತಗಳೆಲ್ಲ ಇರುವ ಫೋಲ್ಡರ್. ಹಾಕಿದ್ದು, ಈಚೆಗೆ ಯಾರಾದರೂ ರಿಕವರಿ ಮೋಡ್‌ನಲ್ಲಿ ಹೋಗಿ ತಮ್ಮ ಪಾಸ್‌ವರ್ಡ್ ಬದಲಿಸಿದ್ದರೆ, ಲಾಗಿನ್‌ಗೆ ಹೊಸ ಪಾಸ್‌ವರ್ಡ್ ಸರಿಯಾಗಿರುತ್ತದೆ, ಆದರೆ ಫೋಲ್ಡರಿನ ಬೀಗ ಹಳೆಯ ಪಾಸ್‌ವರ್ಡಿಗೆ ಮಾತ್ರ ತೆರೆಯುತ್ತದೆ. ಆಗಲೂ ಹೊರಗಿನಿಂದ ಕಾಣುವುದು ಇದೇ ಆಟ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗುಪ್ತಲಿಪಿ ಹಾಕಿಲ್ಲ, ಪಾಸ್‌ವರ್ಡನ್ನು ಯಾರೂ ಬದಲಿಸಿಲ್ಲ.

ಹೇಳಿದಂತೆ ಕಪ್ಪು ಪರದೆಗೆ ಹೋದೆ. ಆಶ್ಚರ್ಯವೆಂದರೆ ಅಲ್ಲಿ ಒಂದೇ ಸಲಕ್ಕೆ ಒಳಗೆ ಬಿಟ್ಟಿತು. ಓರೆಗೆರೆಯ ಸಾಲಿನಲ್ಲಿ ಹೀಗಿದೆ: ಒಟ್ಟು 110 ಜಿ, ಬಳಸಿದ್ದು 104 ಜಿ, ಉಳಿದದ್ದು 0, ಬಳಕೆ 100%. ಐ ಹಾಕಿದ ಕಮಾಂಡಿನಲ್ಲಿ ಬಳಕೆ 9% ಎಂದಿದೆ.

ಲೆಕ್ಕದ ಮೇಷ್ಟ್ರಾದ ನನಗೆ ಇದು ಕೂಡಿಬರಲಿಲ್ಲ. 110ರಲ್ಲಿ 104 ಕಳೆದರೆ 6 ಉಳಿಯಬೇಕಲ್ಲವೇ, ಸೊನ್ನೆ ಹೇಗಾಯಿತು? ಜಾಗವೇ ಇಲ್ಲವೆಂದಾದರೆ ಕಪ್ಪು ಪರದೆಯಲ್ಲಿ ಒಳಗೆ ಬಿಟ್ಟದ್ದು ಹೇಗೆ? ‘ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ’ ಎಂಬ ಸೂಚನೆ ಮೂಲೆಯಲ್ಲಿ ಬರುತ್ತಿದ್ದುದು ನಿಜ. ಅದನ್ನು ಮುಚ್ಚಿ ಮುಚ್ಚಿ ಕೆಲಸ ಮುಂದುವರಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ ಎರಡು ದಿನಚರಿಯ ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇಲ್ಲಿಂದ ಅಳಿಸಿಯೂ ಇದ್ದೆ.

ಉತ್ತರ 1

ಲೆಕ್ಕ ಸರಿಯಾಗಿಯೇ ಇದೆ ಮೇಷ್ಟ್ರೇ, ಒಂದು ಅಂಕಿಯನ್ನು ಮಾತ್ರ ಅದು ಬಾಯಿಬಿಟ್ಟು ಹೇಳುವುದಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆ, ಡಿಸ್ಕನ್ನು ಸಿದ್ಧಪಡಿಸುವಾಗಲೇ ಒಟ್ಟು ಜಾಗದಲ್ಲಿ 5%ರಷ್ಟನ್ನು ರೂಟ್ ಎಂಬ ಯಜಮಾನನಿಗೆ ಮೀಸಲಾಗಿ ಎತ್ತಿಡುತ್ತದೆ. ತಮ್ಮ ಡಿಸ್ಕಿನಲ್ಲಿ ಅದು ಐದೂವರೆ ಜಿಬಿಯಷ್ಟಾಗುತ್ತದೆ. ಬಿತ್ತನೆಗೆಂದು ಕಟ್ಟಿಟ್ಟ ಭತ್ತದಂತೆ ಅದು; ಮನೆಯವರು ಎಷ್ಟು ಹಸಿದರೂ ಅದಕ್ಕೆ ಕೈಹಾಕುವಂತಿಲ್ಲ. ಸಾಮಾನ್ಯ ಬಳಕೆದಾರರು ಡಿಸ್ಕನ್ನು ತುಂಬಿಸಿಬಿಟ್ಟರೂ ವ್ಯವಸ್ಥೆಯ ಒಳಗಿನ ಸೇವೆಗಳು ಉಸಿರಾಡುತ್ತಿರಲಿ ಎಂಬುದು ಅದರ ಉದ್ದೇಶ. ಹಾಗಾಗಿಯೇ ಕಂಪ್ಯೂಟರ್ ಏಳುತ್ತದೆ, ಲಾಗಿನ್ ಪರದೆ ಬರುತ್ತದೆ. ಆದರೆ ಡೆಸ್ಕ್‌ಟಾಪ್ ಸೆಷನ್ ನಡೆಯುವುದು ತಮ್ಮ ಹೆಸರಿನಲ್ಲಿ. ತಮ್ಮ ಪಾಲಿಗೆ ಉಳಿದದ್ದು ಸೊನ್ನೆ.

ಲಾಗಿನ್ ಆದ ಕೂಡಲೇ ಲೈಟ್‌ಡಿಎಂ ತಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಎಕ್ಸ್‌ಅಥಾರಿಟಿ’ ಎಂಬ ಪುಟ್ಟ ಕಡತವೊಂದನ್ನು ಬರೆಯುತ್ತದೆ. ಪರದೆಯ ಮೇಲೆ ಚಿತ್ರ ಬಿಡಿಸಲು ತಮ್ಮ ತಂತ್ರಾಂಶಗಳಿಗೆ ಅನುಮತಿ ಕೊಡುವ ಚೀಟಿ ಅದು. ಗಾತ್ರ ಒಂದು ಕಿಲೋಬೈಟಿನ ಒಳಗೇ. ಅದನ್ನು ಬರೆಯಲೂ ಜಾಗವಿಲ್ಲದಿದ್ದರೆ ಚೀಟಿ ಇಲ್ಲದ ಸೆಷನ್ ಹುಟ್ಟುತ್ತಲೇ ಸಾಯುತ್ತದೆ. ಕಪ್ಪು ಪರದೆಯ ಲಾಗಿನ್‌ಗೆ ಇಂಥ ಯಾವ ಚೀಟಿಯೂ ಬೇಡ. ಅದು ತಮ್ಮ ಕಡತಗಳನ್ನು ಓದಿಕೊಂಡರೆ ಸಾಕು, ಬರೆಯಬೇಕೆಂದಿಲ್ಲ. ತಮ್ಮ ಎರಡನೆಯ ಪ್ರಶ್ನೆಗೂ ಇದೇ ಉತ್ತರ.

ಅಳಿಸಿದ ಚಿತ್ರಗಳ ವಿಷಯ: ಕಡತ ನಿರ್ವಾಹಕದಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುತ್ತದೆ, ಡಿಸ್ಕಿನಿಂದ ಹೋಗುವುದಿಲ್ಲ. ಬುಟ್ಟಿಯನ್ನು ಖಾಲಿ ಮಾಡದೆ ಒಂದು ಬೈಟೂ ಮರಳುವುದಿಲ್ಲ.

ಇಷ್ಟೊಂದು ತುಂಬಿದ್ದು ಹೇಗೆ ಎಂಬುದಕ್ಕೆ ಒಂದು ಅಂದಾಜು ಹೇಳುತ್ತೇನೆ, ತಾಳೆ ನೋಡಿ. ಎ4 ಗಾತ್ರದ ಪುಟವನ್ನು 300 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 300 ಬಿಂದುಗಳಂತೆ, ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದದ ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ 3 ಬೈಟಿನಂತೆ, ಕುಗ್ಗಿಸದ ಟಿಫ್ ಕಡತವಾದರೆ ಪುಟಕ್ಕೆ 26 ಎಂಬಿ. ಅದನ್ನೇ 600 ಡಿಪಿಐಗೆ ಏರಿಸಿದರೆ ಎರಡೂ ಕಡೆ ದುಪ್ಪಟ್ಟಾಗಿ ಒಟ್ಟು ನಾಲ್ಕು ಪಟ್ಟು, ಪುಟಕ್ಕೆ 104 ಎಂಬಿ. ತಾವು ಯಾವುದರಲ್ಲಿ ಮಾಡುತ್ತಿದ್ದಿರಿ?

ಈಗ ಮಾಡಬೇಕಾದದ್ದು. ಕಪ್ಪು ಪರದೆಯಲ್ಲಿ ಮೊದಲು ‘ಸುಡೊ ಆಪ್ಟ್ ಕ್ಲೀನ್’ ಕೊಡಿ. ಸುಡೊ ಎಂದರೆ ಮುಂದಿನ ಕಮಾಂಡನ್ನು ರೂಟ್‌ನ ಅಧಿಕಾರದಲ್ಲಿ ನಡೆಸು ಎಂದು. ಇಳಿಸಿಕೊಂಡಿದ್ದ ಹಳೆಯ ತಂತ್ರಾಂಶದ ಪೊಟ್ಟಣಗಳು ಹೋಗುತ್ತವೆ, ಅದರಿಂದ ಯಾವ ಅಪಾಯವೂ ಇಲ್ಲ. ಬಳಿಕ ‘ಸುಡೊ ಟೈಮ್‌ಶಿಫ್ಟ್’ ಎಂದು ಬರೆದು, ಖಾಲಿ ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ‘ಲಿಸ್ಟ್’ ಎನ್ನಿ. ಮಿಂಟ್‌ನ ಸ್ವಾಗತ ಪರದೆ ಹೇಳಿತೆಂದು ಅನೇಕರು ಟೈಮ್‌ಶಿಫ್ಟನ್ನು ಚಾಲೂ ಮಾಡಿ ಮರೆತುಬಿಡುತ್ತಾರೆ. ಅದು ವ್ಯವಸ್ಥೆಯ ಪ್ರತಿಗಳನ್ನು ಅದೇ ಡಿಸ್ಕಿನಲ್ಲಿ ಶೇಖರಿಸುತ್ತಾ ಹೋಗುತ್ತದೆ. ನಾನು ನೋಡಿದ ತುಂಬಿದ ಮಿಂಟ್ ಡಿಸ್ಕುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ಪಟ್ಟಿಯಲ್ಲಿ ಹಳೆಯ ಪ್ರತಿಗಳಿದ್ದರೆ ‘ಲಿಸ್ಟ್’ ಬದಲಿಗೆ ‘ಡಿಲೀಟ್’ ಎಂದು ಕೊಟ್ಟು, ಅದು ಕೇಳಿದಾಗ ಪ್ರತಿಯ ಸಂಖ್ಯೆಯನ್ನು ಹೇಳಿ ಅಳಿಸಬಹುದು. ಕೊನೆಯದೊಂದನ್ನು ಉಳಿಸಿಕೊಳ್ಳಿ. ಆ ಪ್ರತಿಗಳಿರುವ ಫೋಲ್ಡರಿಗೆ ನೇರವಾಗಿ ಕೈಹಾಕಿ ಅಳಿಸಬೇಡಿ.

ಇಷ್ಟರಲ್ಲಿ ಎರಡು ಮೂರು ಜಿಬಿ ಬಿಡುವಾದರೂ ಸಾಕು, ಡೆಸ್ಕ್‌ಟಾಪಿಗೆ ಹೋಗಿ ಮಿಕ್ಕದ್ದನ್ನು ನಿಧಾನವಾಗಿ ನೋಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಸ್ವಲ್ಪ ತಡವಾಯಿತು, ಇಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ತಮ್ಮ ಅಂದಾಜು ಕೂದಲೆಳೆಯೂ ತಪ್ಪಿಲ್ಲ. ಮೊದಲ ನಾಲ್ಕು ದಿನಚರಿಗಳನ್ನು 300ರಲ್ಲಿ ಮಾಡಿದ್ದೆ. ರಜೆಗೆ ಬಂದ ಮೊಮ್ಮಗ ‘ಅಜ್ಜ, ಇದು ಚೆನ್ನಾಗಿ ಬರುತ್ತದೆ’ ಎಂದು 600ಕ್ಕೆ ಇಟ್ಟು ಹೋಗಿದ್ದ. ಆಮೇಲಿನ ಮೂರರಲ್ಲಿ ಒಟ್ಟು 420 ಪುಟಗಳು. 104ರಿಂದ ಗುಣಿಸಿದರೆ 43 ಜಿಬಿಗೂ ಮೇಲಾಯಿತು.

ಜಾಗ ಈಗ ಬೇಕಾದಷ್ಟಿದೆ. ಒಟ್ಟು 110ರಲ್ಲಿ ಬಳಕೆ 38%. ಆದರೂ ಲಾಗಿನ್ ಮಾಡಿದರೆ ಮತ್ತೆ ಅದೇ ಪರದೆಗೆ ಮರಳುತ್ತಿದೆ! ಒಂದೆರಡು ಸಲ ಆರಿಸಿ ಹಚ್ಚಿಯೂ ನೋಡಿದೆ. ಇದಕ್ಕೆ ಏನು ಹೇಳುತ್ತೀರಿ?

ಉತ್ತರ 2

ಒಂದು ಪರೀಕ್ಷೆ ಮಾಡೋಣ. ಕಪ್ಪು ಪರದೆಯಲ್ಲಿ ‘ಸುಡೊ ಆ್ಯಡ್‌ಯೂಸರ್ ಪರೀಕ್ಷೆ’ ಎಂದು ಹೊಸ ಬಳಕೆದಾರರೊಬ್ಬರನ್ನು ಸೃಷ್ಟಿಸಿ, ಅವರಿಗೊಂದು ಪಾಸ್‌ವರ್ಡ್ ಕೊಟ್ಟು, ಚಿತ್ರಪರದೆಗೆ ಮರಳಿ ಆ ಹೆಸರಿನಲ್ಲಿ ಲಾಗಿನ್ ಮಾಡಿ ನೋಡಿ. ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಬರೆಯಬೇಕು. ಹೊಸಬರನ್ನು ಒಳಗೆ ಬಿಟ್ಟರೆ ವ್ಯವಸ್ಥೆ ಗಟ್ಟಿಯಾಗಿದೆ, ತೊಂದರೆ ಇರುವುದು ತಮ್ಮ ಹೋಮ್ ಫೋಲ್ಡರಿನಲ್ಲಿ ಎಂದು ತಿಳಿಯಬಹುದು. ಅವರನ್ನೂ ಹೊರಗೆ ತಳ್ಳಿದರೆ ಡ್ರೈವರ್, ಸಿನಮನ್ ಮುಂತಾದವನ್ನು ನೋಡಬೇಕಾಗುತ್ತದೆ. ಇದನ್ನು ಮೊದಲೇ ಹೇಳಬಹುದಿತ್ತು. ಆದರೆ ಡಿಸ್ಕ್ ತುಂಬಿರುವಾಗ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ, ಏಕೆಂದರೆ ಹೊಸ ಬಳಕೆದಾರರಿಗೂ ಆಗ ಜಾಗ ಸೊನ್ನೆಯೇ.

ಉತ್ತರ 1

ಪರೀಕ್ಷೆಯ ಜೊತೆಗೆ ನನ್ನದೊಂದು ಪ್ರಶ್ನೆ. 104ರಿಂದ 38%ಕ್ಕೆ, ಅಂದರೆ 40 ಜಿಬಿಯ ಆಸುಪಾಸಿಗೆ ಇಳಿದಿದೆ. ಟೈಮ್‌ಶಿಫ್ಟ್ ಮತ್ತು ಪೊಟ್ಟಣಗಳಿಂದ ಮಾತ್ರ ಇಷ್ಟು ಇಳಿಯುವುದು ಕಷ್ಟ. ಚಿತ್ರಗಳನ್ನು ಹೊರಗೆ ಸಾಗಿಸಿದ್ದು ಹೇಗೆ ಎಂದು ವಿವರವಾಗಿ ಹೇಳುತ್ತೀರಾ?

ಪ್ರಶ್ನೆ ಕೇಳಿದವರು

ಹೊಸ ಬಳಕೆದಾರನನ್ನು ಸೃಷ್ಟಿಸಿ ನೋಡಿದೆ. ಅವನು ಸಲೀಸಾಗಿ ಒಳಗೆ ಹೋದ. ನನ್ನ ಕಂಪ್ಯೂಟರಿಗೆ ನಾನೇ ಹೊರಗಿನವನಾಗಿದ್ದೇನೆ.

ಚಿತ್ರಗಳ ವಿಷಯವನ್ನು ಹೇಳಬೇಕಾಗಿತ್ತು, ಮುಖ್ಯವೆಂದು ತೋರದೆ ಬಿಟ್ಟಿದ್ದೆ. ಟೈಮ್‌ಶಿಫ್ಟ್ ಪಟ್ಟಿಯಲ್ಲಿ ಏನೂ ಇರಲಿಲ್ಲ. ಕಪ್ಪು ಪರದೆಯಲ್ಲಿ ಕನ್ನಡದ ಹೆಸರುಗಳು ಕಾಣದೆ, ಯಾವುದು ಯಾವ ವರ್ಷದ ದಿನಚರಿಯೆಂದು ತಿಳಿಯದೆ ಕೈಚೆಲ್ಲಿದೆ. ಆಗ ಪಕ್ಕದ ಮನೆಯ ಹುಡುಗ ಮಿಂಟ್‌ನ ಪೆನ್‌ಡ್ರೈವ್ ತಂದು ಅದರಿಂದ ಕಂಪ್ಯೂಟರನ್ನು ಎಬ್ಬಿಸಿದ. ನನ್ನ ಫೋಲ್ಡರಿನೊಳಗೆ ಏನನ್ನೂ ಅಳಿಸಲು ಅದು ಬಿಡದಿದ್ದಾಗ, ಬಲಗಡೆಯ ಗುಂಡಿ ಒತ್ತಿ ‘ರೂಟ್ ಆಗಿ ತೆರೆ’ ಎಂಬುದನ್ನು ಆರಿಸಿದ. ನನ್ನ ಹೋಮ್ ಫೋಲ್ಡರಿನಲ್ಲಿದ್ದ ಎಲ್ಲವನ್ನೂ, ಅಡಗಿದ ಕಡತಗಳನ್ನೂ ಬಿಡದೆ, ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿ, ಇಲ್ಲಿ ಆ ಫೋಲ್ಡರನ್ನೇ ಅಳಿಸಿ, ಬಳಿಕ ಅದೇ ಹೆಸರಿನ ಫೋಲ್ಡರ್ ಮಾಡಿ, ಚಿತ್ರಗಳನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮರಳಿ ಹಾಕಿದ. ಬಹಳ ಜಾಗ್ರತೆಯಿಂದಲೇ ಮಾಡಿದ್ದಾನೆ. ಎರಡೂ ಕಡೆ ಕಡತಗಳ ಸಂಖ್ಯೆಯನ್ನು ಎಣಿಸಿ ನೋಡಿದ್ದೇವೆ. ಹಾರ್ಡ್‌ಡಿಸ್ಕಿನ ಕಡತ ವ್ಯವಸ್ಥೆ ಎಕ್ಸ್‌ಫ್ಯಾಟ್ ಮಾದರಿಯದು.

ಉತ್ತರ 1

ಅಲ್ಲಿಗೆ ಗಂಟು ಬಿಚ್ಚಿತು. ಹುಡುಗನನ್ನು ಬೈಯಬೇಡಿ, ಅವನು ಒಂದು ಕಡತವನ್ನೂ ಕಳೆದಿಲ್ಲ. ತಮ್ಮ ಮೊದಲಿನ ತೊಂದರೆ ಜಾಗದ್ದೇ ಆಗಿತ್ತು, ಅದು ಹೋಗಿದೆ. ಅದನ್ನು ಬಿಡಿಸುವಾಗ ಎರಡನೆಯದೊಂದು ಹುಟ್ಟಿದೆ. ಎರಡರ ಹೊರಲಕ್ಷಣವೂ ಒಂದೇ ಆದ್ದರಿಂದ ಹಳೆಯದೇ ಮುಂದುವರಿದಿದೆ ಎಂದು ಕಾಣುತ್ತದೆ.

ಲಿನಕ್ಸ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಮಾಲೀಕನಿರುತ್ತಾನೆ. ಎಕ್ಸ್‌ಫ್ಯಾಟ್‌ಗೆ ಈ ಮಾಲೀಕತ್ವವನ್ನು ಬರೆದಿಡುವ ಅಂಕಣವೇ ಇಲ್ಲ. ಅಲ್ಲಿಗೆ ಹೋದ ಕಡತ ಪಹಣಿ ಕಳೆದುಕೊಂಡ ಜಮೀನಿನ ಹಾಗೆ. ಮರಳಿ ಬರುವಾಗ ಯಾರು ತಂದು ಇಟ್ಟರೋ ಅವರ ಹೆಸರಿಗೆ ಖಾತೆಯಾಗುತ್ತದೆ. ತಂದು ಇಟ್ಟದ್ದು ರೂಟ್. ಹಾಗಾಗಿ ಈಗ ತಮ್ಮ ಹೋಮ್ ಫೋಲ್ಡರ್ ಮತ್ತು ಅದರೊಳಗಿನ ಸಮಸ್ತವೂ ರೂಟ್‌ನ ಆಸ್ತಿ. ತಾವು ಓದಬಹುದು, ಬರೆಯುವಂತಿಲ್ಲ. ಕಪ್ಪು ಪರದೆಗೆ ಓದುವುದು ಸಾಕಾದ್ದರಿಂದ ಅದು ಬಿಡುತ್ತದೆ. ಡೆಸ್ಕ್‌ಟಾಪಿಗೆ ಚೀಟಿ ಬರೆಯಬೇಕಾದ್ದರಿಂದ ಅದು ಸಾಯುತ್ತದೆ. ಮೊದಲು ಜಾಗವಿಲ್ಲದೆ ಬರೆಯಲಾಗಲಿಲ್ಲ, ಈಗ ಅಧಿಕಾರವಿಲ್ಲದೆ ಬರೆಯಲಾಗುತ್ತಿಲ್ಲ.

ಸರಿಪಡಿಸುವ ಮೊದಲು ಖಚಿತಪಡಿಸಿಕೊಳ್ಳೋಣ. ಊಹೆಯ ಮೇಲೆ ರೂಟ್ ಅಧಿಕಾರವನ್ನು ಬಳಸಬಾರದು. ಕಪ್ಪು ಪರದೆಯಲ್ಲಿ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ‘ಎಲ್‌ಎಸ್’, ಖಾಲಿ ಜಾಗ, ಅಡ್ಡಗೆರೆ, ‘ಎಲ್‌ಡಿ’, ಖಾಲಿ ಜಾಗ, ಬಳಿಕ ಓರೆಗೆರೆ ‘ಹೋಮ್’ ಓರೆಗೆರೆ ತಮ್ಮ ಬಳಕೆದಾರ ಹೆಸರು ಎಂದು ಕೊಡಿ. ಬರುವ ಸಾಲಿನ ನಡುವೆ ಎರಡು ಹೆಸರುಗಳಿರುತ್ತವೆ, ಒಂದು ಮಾಲೀಕನದು, ಇನ್ನೊಂದು ಗುಂಪಿನದು. ಎರಡು ಕಡೆಯೂ ತಮ್ಮ ಹೆಸರಿರಬೇಕು. ‘ರೂಟ್ ರೂಟ್’ ಎಂದಿದ್ದರೆ ನನ್ನ ಮಾತು ನಿಜ. ಇದಕ್ಕೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ: ಓರೆಗೆರೆ ‘ವಾರ್’ ಓರೆಗೆರೆ ‘ಲಾಗ್’ ಓರೆಗೆರೆ ‘ಲೈಟ್‌ಡಿಎಂ’ ಎಂಬ ಫೋಲ್ಡರಿನಲ್ಲಿ ಲೈಟ್‌ಡಿಎಂ ತನ್ನ ದಿನಚರಿ ಬರೆದಿಡುತ್ತದೆ. ಅದರ ಕೊನೆಯ ಸಾಲುಗಳಲ್ಲಿ ಎಕ್ಸ್‌ಅಥಾರಿಟಿಯನ್ನು ತೆರೆಯಲು ಅನುಮತಿ ಸಿಗಲಿಲ್ಲ ಎಂಬ ದೂರು ಕಾಣಬೇಕು.

ಹೌದೆಂದಾದರೆ ಮದ್ದು ಒಂದೇ ಸಾಲಿನದು. ‘ಸುಡೊ’, ಖಾಲಿ ಜಾಗ, ಸಿ ಎಚ್ ಓ ಡಬ್ಲ್ಯೂ ಎನ್, ಖಾಲಿ ಜಾಗ, ಅಡ್ಡಗೆರೆ ದೊಡ್ಡಕ್ಷರದ ಆರ್, ಖಾಲಿ ಜಾಗ, ತಮ್ಮ ಹೆಸರು, ಎರಡು ಚುಕ್ಕೆಯ ಕೋಲನ್ ಚಿಹ್ನೆ, ಮತ್ತೆ ತಮ್ಮ ಹೆಸರು, ಖಾಲಿ ಜಾಗ, ಕೊನೆಗೆ ಓರೆಗೆರೆ ‘ಹೋಮ್’ ಓರೆಗೆರೆ ತಮ್ಮ ಹೆಸರು. ಆ ಫೋಲ್ಡರನ್ನೂ ಅದರೊಳಗಿನ ಎಲ್ಲವನ್ನೂ ತಮ್ಮ ಖಾತೆಗೆ ಬರೆದುಕೊಡು ಎಂದು ಇದರ ಅರ್ಥ.

ಎಂಟರ್ ಒತ್ತುವ ಮೊದಲು ಒಂದು ಸಲ ನಿಂತು ಓದಿ. ಮೊದಲ ಓರೆಗೆರೆಗೂ ‘ಹೋಮ್’ಗೂ ನಡುವೆ ಖಾಲಿ ಜಾಗ ಬೀಳಲೇಬಾರದು. ಬಿದ್ದರೆ ಒಂಟಿ ಓರೆಗೆರೆಗೆ ‘ಇಡೀ ಡಿಸ್ಕ್’ ಎಂದು ಅರ್ಥವಾಗಿ ವ್ಯವಸ್ಥೆಯ ಎಲ್ಲ ಕಡತಗಳೂ ತಮ್ಮ ಹೆಸರಿಗೆ ಬಂದುಬಿಡುತ್ತವೆ. ಆಮೇಲೆ ಸುಡೊ ಕೂಡ ಕೆಲಸ ಮಾಡುವುದಿಲ್ಲ, ಅಂಗಡಿಯವರು ಹೇಳಿದ ಫಾರ್ಮ್ಯಾಟ್ ನಿಜವಾಗಿಯೂ ಬೇಕಾಗುತ್ತದೆ. ಹಾಗೆಯೇ ಅಂತರ್ಜಾಲದಲ್ಲಿ ಕೆಲವರು ‘ಎಲ್ಲಕ್ಕೂ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಿ, ಸರಿಹೋಗುತ್ತದೆ’ ಎಂದು ಸಲಹೆ ಮಾಡುವುದುಂಟು. ಅದು ಮನೆಯ ಬೀಗದ ಕೈ ಕಳೆಯಿತೆಂದು ಬಾಗಿಲನ್ನೇ ಕಿತ್ತಿಡುವ ಕೆಲಸ. ಕಂಪ್ಯೂಟರಿನಲ್ಲಿರುವ ಯಾರು ಬೇಕಾದರೂ ತಮ್ಮ ಕಡತಗಳನ್ನು ತಿದ್ದಬಹುದಾಗುತ್ತದೆ, ದೂರದ ಕಂಪ್ಯೂಟರಿಗೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್‌ನಂಥ ತಂತ್ರಾಂಶಗಳು ಅಷ್ಟು ಸಡಿಲವಾದ ಕೀಲಿಯನ್ನು ಬಳಸಲು ಒಪ್ಪುವುದೂ ಇಲ್ಲ.

ಪ್ರಶ್ನೆ ಕೇಳಿದವರು

ಎರಡು ಕಡೆಯೂ ‘ರೂಟ್ ರೂಟ್’ ಎಂದೇ ಇತ್ತು. ಕಮಾಂಡನ್ನು ಕಾಗದದ ಮೇಲೆ ಬರೆದುಕೊಂಡು, ಖಾಲಿ ಜಾಗ ಇರುವಲ್ಲೆಲ್ಲ ಕೆಂಪು ಶಾಯಿಯಲ್ಲಿ ಚುಕ್ಕೆ ಇಟ್ಟು, ಮನೆಯವಳಿಂದ ಒಂದೊಂದೇ ಅಕ್ಷರ ಓದಿಸಿ ಒತ್ತಿದೆ. ಏನೂ ಹೇಳದೆ ಮುಂದಿನ ಸಾಲಿಗೆ ಬಂತು. ಎಫ್7 ಒತ್ತಿ ಲಾಗಿನ್ ಮಾಡಿದರೆ, ಏಳೆಂಟು ದಿನಗಳ ಬಳಿಕ ನನ್ನ ಡೆಸ್ಕ್‌ಟಾಪ್ ಬಂತು, ಹಿಂದೆ ಇದ್ದ ತೋಟದ ಚಿತ್ರದ ಸಮೇತ. ಕನ್ನಡದ ಕೀಲಿಮಣೆಯ ವ್ಯವಸ್ಥೆಯೂ ಇದ್ದ ಹಾಗೆಯೇ ಇದೆ. ತಮ್ಮಿಬ್ಬರ ಉಪಕಾರ ದೊಡ್ಡದು.

ಎರಡು ಸಣ್ಣ ವಿಷಯಗಳು ಉಳಿದಿವೆ. ಬರೀ ಬರಹವಿರುವ ಕಡತವನ್ನು ಎರಡು ಸಲ ಒತ್ತಿದರೆ ‘ಇದನ್ನು ಚಲಾಯಿಸಬೇಕೇ, ತೋರಿಸಬೇಕೇ’ ಎಂದು ಕೇಳುತ್ತದೆ, ಹಿಂದೆ ಹೀಗೆ ಕೇಳುತ್ತಿರಲಿಲ್ಲ. ಇನ್ನೊಂದು, ಮುಂದಿನ ದಿನಚರಿಗಳನ್ನು ಹೇಗೆ ಸ್ಕ್ಯಾನ್ ಮಾಡಿದರೆ ಒಳ್ಳೆಯದು, ಎಲ್ಲಿ ಇಡಬೇಕು?

ಉತ್ತರ 2

ಮೊದಲನೆಯದು ಎಕ್ಸ್‌ಫ್ಯಾಟ್ ಯಾತ್ರೆಯ ಪ್ರಸಾದ. ಅಲ್ಲಿಂದ ಬಂದ ಕಡತಗಳಿಗೆಲ್ಲ ಚಲಾಯಿಸುವ ಅನುಮತಿ ಅಂಟಿಕೊಂಡಿದೆ. ಕೇಳಿದಾಗ ‘ತೋರಿಸು’ ಎನ್ನಿ. ಅದು ಬೇಸರವೆನಿಸಿದರೆ, ಆ ಕಡತದ ಗುಣಗಳ ಪುಟದಲ್ಲಿ ಅನುಮತಿಗಳ ವಿಭಾಗಕ್ಕೆ ಹೋಗಿ ಆ ಗುರುತನ್ನು ತೆಗೆಯಬಹುದು. ಪದೇಪದೇ ತೆರೆಯುವ ನಾಲ್ಕಾರು ಕಡತಗಳಿಗೆ ಮಾಡಿದರೆ ಸಾಕು. ಪರೀಕ್ಷೆಗೆಂದು ಸೃಷ್ಟಿಸಿದ ಬಳಕೆದಾರನನ್ನು ಈಗ ತೆಗೆದುಹಾಕಬಹುದು. ಆದರೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳುವುದಾದರೆ, ಅಂಥದೊಂದು ಹೆಚ್ಚಿನ ಖಾತೆ ಇದ್ದರೆ ಮುಂದೊಮ್ಮೆ ಹೀಗಾದಾಗ ಒಳಗೆ ಹೋಗಲು ಹಿತ್ತಿಲ ಬಾಗಿಲಿದ್ದಂತೆ. ಗಟ್ಟಿ ಪಾಸ್‌ವರ್ಡ್ ಕೊಟ್ಟು ಇಟ್ಟುಕೊಂಡರೂ ತಪ್ಪಿಲ್ಲ.

ಉತ್ತರ 1

ಕೈಬರಹದ ದಿನಚರಿಗೆ 300 ಡಿಪಿಐ ಧಾರಾಳವಾಯಿತು. ಶಾಯಿ ಮಾಸಿ ಅಕ್ಷರ ಅಳಿದಂತಿರುವ ಪುಟಗಳನ್ನು ಮಾತ್ರ 600ರಲ್ಲಿ ಮಾಡಿ. ಬಣ್ಣವನ್ನು ಬಿಡಬೇಡಿ, ಕಾಗದದ ಕಲೆಯನ್ನೂ ಶಾಯಿಯನ್ನೂ ಬೇರೆ ಮಾಡಿ ನೋಡಲು ಮುಂದೆ ಅದು ಬೇಕಾಗುತ್ತದೆ. ಕಡತವನ್ನು ಕುಗ್ಗಿಸದ ಟಿಫ್ ಬದಲಿಗೆ ಪಿಎನ್‌ಜಿ ಆಗಿ ಉಳಿಸಿದರೆ ಒಂದು ಬಿಂದುವೂ ನಷ್ಟವಾಗದೆ ಗಾತ್ರ ಇಳಿಯುತ್ತದೆ. ಮೊಮ್ಮಗನ ಕಾಲದ 420 ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಬೇಕಾಗಿಲ್ಲ, ಇರುವುದನ್ನೇ ಪಿಎನ್‌ಜಿಗೆ ಬದಲಿಸಿಕೊಂಡರಾಯಿತು.

ಇಡುವ ಜಾಗದ ಬಗ್ಗೆ: ಚಿತ್ರಗಳನ್ನು ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ, ಚಿತ್ರಕ್ಕೆ ಮಾಲೀಕತ್ವದ ಗೊಡವೆ ಇಲ್ಲ. ಆದರೆ ಈಗ ಆ ಚಿತ್ರಗಳು ಮೊದಲು ಕಂಪ್ಯೂಟರಿನಲ್ಲಿ ಮಾತ್ರ ಇದ್ದಂತೆ, ಹೆಚ್ಚಿನವು ಆ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಇವೆ. ಈ ವಾರವೇ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ, ಸಾಧ್ಯವಾದರೆ ಅದನ್ನು ಬೇರೊಂದು ಮನೆಯಲ್ಲಿಡಿ. ಟೈಮ್‌ಶಿಫ್ಟನ್ನು ಚಾಲೂ ಮಾಡುವ ಯೋಚನೆ ಇದ್ದರೆ ಅದಕ್ಕೆ ಈ ಎಕ್ಸ್‌ಫ್ಯಾಟ್ ಡಿಸ್ಕ್ ನಡೆಯುವುದಿಲ್ಲ, ಎಕ್ಸ್ಟ್4ನಂಥ ಲಿನಕ್ಸ್ ಮಾದರಿಯದೇ ಬೇಕು. ಮತ್ತು ಅದು ಸಹಜ ಸ್ಥಿತಿಯಲ್ಲಿ ವ್ಯವಸ್ಥೆಯನ್ನು ಮಾತ್ರ ಪ್ರತಿ ಮಾಡುತ್ತದೆ, ಹೋಮ್ ಫೋಲ್ಡರನ್ನು ಬಿಟ್ಟುಬಿಡುತ್ತದೆ. ದಿನಚರಿಗಳನ್ನು ಅದರ ಭರವಸೆಯ ಮೇಲೆ ಬಿಡಬೇಡಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡುತ್ತೇನೆ. ಎರಡನೆಯ ಡಿಸ್ಕನ್ನು ಮಗಳ ಮನೆಗೆ ಕಳುಹಿಸುತ್ತೇನೆ, ಸ್ಕ್ಯಾನರನ್ನು ಈಗಷ್ಟೇ 300ಕ್ಕೆ ಇಳಿಸಿದೆ. ಇನ್ನು ಹನ್ನೊಂದು ಪುಸ್ತಕಗಳು ಬಾಕಿ ಇವೆ.